ಲೆಕ್ಕಪತ್ರಗಳ ದೈನಿಕ ಬ್ಯಾಕಪ್: ಟಾಸ್ಕ್ ಷೆಡ್ಯೂಲರನ್ನು ಆದೇಶಗಳ ಮೂಲಕ ನಿರ್ವಹಿಸುವ ಬಗೆ

ಹಿಂದೆ ನಮ್ಮ ಮಂಡಿಗಳಲ್ಲಿ ಬಾಗಿಲು ಹಾಕುವ ಮುನ್ನ ಗುಮಾಸ್ತರು ಕಿರ್ದಿ ಬರೆದು ಮುಗಿಸಿ, ರೋಕಡ ಎಣಿಸಿ, ತಾಳೆ ನೋಡಿ ಪುಸ್ತಕವನ್ನು ಯಜಮಾನರ ಮುಂದಿಡುತ್ತಿದ್ದರು. ಯಜಮಾನರು ಕೆಳಗೆ ಸಹಿ ಹಾಕಿದ ಮೇಲೆಯೇ ಆ ದಿನದ ವ್ಯವಹಾರ ಮುಗಿಯಿತೆಂದು ಅರ್ಥ. ಇಂದು ಕಿರ್ದಿ, ಖಾತೆ ಎರಡೂ ಕಂಪ್ಯೂಟರಿನೊಳಗಿವೆ. ರಾತ್ರಿ ಅವುಗಳ ಪ್ರತಿ ತೆಗೆದಿಡುವ ಕೆಲಸವನ್ನು ಸಹ ಕಂಪ್ಯೂಟರಿಗೇ ಒಪ್ಪಿಸಿದ್ದೇವೆ. ಆದರೆ ಬೆಳಿಗ್ಗೆ ಅದನ್ನು ನೋಡಿ ಸಹಿ ಹಾಕುವ ಪದ್ಧತಿ ಮಾತ್ರ ಬಿಟ್ಟುಹೋಗಿದೆ. ಆ ಪದ್ಧತಿಯನ್ನು ಮರಳಿ ತರಲು ನೆರವಾಗುವ ಕೆಲವು ಸರಳ ಆದೇಶಗಳನ್ನು ಸದಸ್ಯರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಒಂದು ಘಟಕದ ಅನುಭವ

ಕೆಲವು ವರ್ಷಗಳ ಹಿಂದೆ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಿಂದ ನನಗೆ ದೂರವಾಣಿ ಕರೆ ಬಂತು. ಅದು ಮಾರ್ಚ್ ತಿಂಗಳ ಕೊನೆಯ ವಾರ. ಲೆಕ್ಕದ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟುಹೋಗಿತ್ತು. ರಾತ್ರಿ ಒಂಬತ್ತೂವರೆಗೆ ತಾನಾಗಿಯೇ ಬ್ಯಾಕಪ್ ಆಗುವ ವ್ಯವಸ್ಥೆ ಇದ್ದುದರಿಂದ ಯಜಮಾನರು ಧೈರ್ಯವಾಗಿಯೇ ಇದ್ದರು. ಬ್ಯಾಕಪ್ ಡಿಸ್ಕನ್ನು ತೆರೆದಾಗ ಅದರಲ್ಲಿದ್ದ ಕೊನೆಯ ವೋಚರು ಹಿಂದಿನ ನವೆಂಬರಿನದು. "ಸಾರ್, ದಿನಾ ಆಯಿತು ಅಂತಲೇ ತೋರಿಸುತ್ತಿತ್ತಲ್ಲ?" ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಕಾರಣ ಬಹಳ ಚಿಕ್ಕದು. ನವೆಂಬರಿನಲ್ಲಿ ಯಾರೋ ಒಂದು ಪೆನ್‌ಡ್ರೈವ್ ಸಿಕ್ಕಿಸಿದ್ದರು. ಅದಾದ ಮೇಲೆ ಬ್ಯಾಕಪ್ ಡಿಸ್ಕಿನ ಗುರುತು 'ಇ' ಇದ್ದದ್ದು 'ಎಫ್' ಆಯಿತು. ಪ್ರತಿ ರಾತ್ರಿ ಕಂಪ್ಯೂಟರು 'ಇ' ಡಿಸ್ಕನ್ನು ಹುಡುಕಿ, ಅದು ಸಿಗದೆ ಕೈಬಿಡುತ್ತಿತ್ತು. ಆದರೆ ಅದೇ ಬ್ಯಾಚ್ ಕಡತದ ಕೊನೆಯ ಸಾಲು ಒಂದು ಟಿಪ್ಪಣಿಯನ್ನು ಬೇರೊಂದು ಫೋಲ್ಡರಿಗೆ ನಕಲು ಮಾಡುತ್ತಿತ್ತು. ಆ ನಕಲು ಸರಿಯಾಗಿ ನಡೆಯುತ್ತಿದ್ದುದರಿಂದ ಒಟ್ಟು ಕೆಲಸ 'ಯಶಸ್ವಿ' ಎಂದು ದಾಖಲಾಗುತ್ತಿತ್ತು.

ಮಾರಾಟದ ವಿವರವನ್ನು ಸಲ್ಲಿಸಿದ ಜಿಎಸ್‌ಟಿಆರ್-1ರಿಂದಲೂ, ಖರೀದಿಯ ವಿವರವನ್ನು ಜಿಎಸ್‌ಟಿಆರ್-2ಬಿಯಿಂದಲೂ, ವಸೂಲಿಯನ್ನು ಬ್ಯಾಂಕಿನ ತಖ್ತೆಯಿಂದಲೂ ಮರಳಿ ಬರೆಯಲಾಯಿತು. ನಗದು ವೋಚರುಗಳು, ಕಾರ್ಮಿಕರಿಗೆ ಕೊಟ್ಟ ಮುಂಗಡ, ಜಾಬ್‌ವರ್ಕಿಗೆ ಕಳುಹಿಸಿದ ಸರಕಿನ ಲೆಕ್ಕ, ದಾಸ್ತಾನಿನ ಏರಿಳಿತ ಇವು ಯಾವ ಪೋರ್ಟಲ್ಲಿನಲ್ಲೂ ದೊರೆಯುವುದಿಲ್ಲ. ಕ್ಯಾಶ್ ಕ್ರೆಡಿಟ್ ಕೊಟ್ಟ ಬ್ಯಾಂಕು ದಾಸ್ತಾನು ಪಟ್ಟಿ ಕೇಳುತ್ತಿದ್ದ ಸಮಯದಲ್ಲೇ ಈ ಕಷ್ಟ ಒದಗಿತ್ತು.

ಕಾನೂನಿನ ಹೊಣೆ

ಇದು ಕೇವಲ ಅನುಕೂಲದ ವಿಷಯವಲ್ಲ. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ಕ್ಕೆ 2022ರ ಆಗಸ್ಟಿನಲ್ಲಿ ಆದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನ ಇರಿಸಬೇಕು. ಅದಕ್ಕೆ ಮೊದಲು 'ನಿಯತಕಾಲಿಕವಾಗಿ' ಎಂದಷ್ಟೇ ಇತ್ತು. ಖಾಸಗಿ ನಿಯಮಿತ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕೆಂದು ಕಂಪನಿ ಕಾಯ್ದೆಯ 128ನೆಯ ಕಲಮು ಹೇಳುತ್ತದೆ.

ಏಕಮಾಲೀಕತ್ವ ಹಾಗೂ ಪಾಲುದಾರಿಕೆಯ ಸಂಸ್ಥೆಗಳು ತಮಗೆ ಇದು ಸಂಬಂಧಿಸಿಲ್ಲವೆಂದು ಭಾವಿಸಬಾರದು. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ, ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳು ಇರಬೇಕು. ಅಪಘಾತದಿಂದ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೂ ಯುಕ್ತ ಅವಧಿಯೊಳಗೆ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರಬೇಕೆಂದು 57ನೆಯ ನಿಯಮ ವಿಧಿಸಿದೆ. ಇಲ್ಲಿ 'ಮರಳಿ ಪಡೆಯುವಂತೆ' ಎಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು.

ವೇಳಾಪಟ್ಟಿಯ ತಂತ್ರಾಂಶ ಎಂದರೇನು?

ಗೊತ್ತುಪಡಿಸಿದ ಹೊತ್ತಿಗೆ ಗೊತ್ತುಪಡಿಸಿದ ಕೆಲಸವನ್ನು ಮನುಷ್ಯರ ನೆರವಿಲ್ಲದೆ ಆರಂಭಿಸುವ ತಂತ್ರಾಂಶವೇ ಷೆಡ್ಯೂಲರ್. ಇದರ ಬಳಕೆ ನಮಗೆ ಹೊಸದಲ್ಲ. ನಾವು ನೆಫ್ಟ್ ಮೂಲಕ ಕಳುಹಿಸುವ ಹಣ 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ ಎನ್ನದೆ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ತಂಡಗಳಲ್ಲಿ ಇತ್ಯರ್ಥವಾಗುತ್ತಿದೆ. ಬ್ಯಾಂಕಿನ ದಿನಾಂತ್ಯದ ಲೆಕ್ಕವೂ ಇದೇ ಮಾದರಿಯದು. ನಮ್ಮ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕಾಗಿ ಟಾಸ್ಕ್ ಷೆಡ್ಯೂಲರ್ ಎಂಬ ತಂತ್ರಾಂಶವಿದೆ. ಪ್ರತ್ಯೇಕವಾಗಿ ಹಣ ತೆತ್ತು ಕೊಳ್ಳಬೇಕಾಗಿಲ್ಲ.

ಅದನ್ನು ಮೌಸ್ ಹಿಡಿದು ಪರದೆಯ ಮೇಲೂ ನಡೆಸಬಹುದು, ಕಮಾಂಡ್ ಪ್ರಾಂಪ್ಟಿನಲ್ಲಿ ಆದೇಶ ಟೈಪು ಮಾಡಿಯೂ ನಡೆಸಬಹುದು. ಎರಡನೆಯದನ್ನು ನಾನು ಶಿಫಾರಸು ಮಾಡಲು ಕಾರಣ ಲೆಕ್ಕಿಗನ ಕಾರಣವೇ. ಆದೇಶವೆಂಬುದು ಲಿಖಿತ. ಅದನ್ನು ಕಾಗದದ ಮೇಲೆ ಬರೆದು ಕಡತದಲ್ಲಿ ಇಡಬಹುದು, ಫೋನಿನಲ್ಲಿ ಓದಿ ಹೇಳಬಹುದು, ಐದು ಕಂಪ್ಯೂಟರಿಗೂ ಒಂದೇ ರೀತಿ ಕೊಡಬಹುದು. ಅದರ ಉತ್ತರವನ್ನು ಅಚ್ಚು ಹಾಕಿ ಲೆಕ್ಕಪರಿಶೋಧಕರಿಗೆ ತೋರಿಸಬಹುದು. ಎಲ್ಲಿ ಯಾವ ಗುಂಡಿ ಒತ್ತಿದೆವೆಂಬುದಕ್ಕೆ ಇಂತಹ ಸಾಕ್ಷ್ಯ ಉಳಿಯುವುದಿಲ್ಲ.

ತಿಳಿದಿರಬೇಕಾದ ಆದೇಶಗಳು

2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ ಕಾಲದಿಂದಲೂ ಇರುವ ಈ ಆದೇಶದ ಹೆಸರು ಎಸ್‌ಸಿಎಚ್‌ಟಾಸ್ಕ್ಸ್. ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಮುದ್ರಿಸಲಾಗಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಬೇಕು. ಕಮಾಂಡ್ ಪ್ರಾಂಪ್ಟನ್ನು 'ಅಡ್ಮಿನಿಸ್ಟ್ರೇಟರ್' ಆಗಿ ತೆರೆದುಕೊಳ್ಳಬೇಕು.

ಹೊಸ ಕೆಲಸವನ್ನು ನೇಮಿಸುವ ಮಾದರಿ ಹೀಗಿದೆ:

ಎಸ್‌ಸಿಎಚ್‌ಟಾಸ್ಕ್ಸ್ /ಕ್ರಿಯೇಟ್ /ಟಿಎನ್ ಡೈಲಿಬ್ಯಾಕಪ್ /ಟಿಆರ್ ಡಿ:\ಬ್ಯಾಕಪ್\ನೈಟ್.ಬ್ಯಾಟ್ /ಎಸ್‌ಸಿ ಡೈಲಿ /ಎಸ್‌ಟಿ 21:30 /ಆರ್‌ಯು ಸಿಸ್ಟಮ್

ಇದರಲ್ಲಿ ಟಿಎನ್ ಎಂಬುದು ಕೆಲಸದ ಹೆಸರು, ಟಿಆರ್ ಎಂಬುದು ನಡೆಸಬೇಕಾದ ಕಡತ, ಎಸ್‌ಸಿ ಎಂಬುದು ಆವರ್ತನೆ, ಎಸ್‌ಟಿ ಎಂಬುದು 24 ಗಂಟೆಯ ಲೆಕ್ಕದಲ್ಲಿ ಆರಂಭದ ವೇಳೆ. ಕೊನೆಯ ಆರ್‌ಯು ಎಂಬುದು ಯಾರ ಹೆಸರಿನಲ್ಲಿ ಕೆಲಸ ನಡೆಯಬೇಕೆಂಬುದನ್ನು ತಿಳಿಸುತ್ತದೆ. 'ಸಿಸ್ಟಮ್' ಎಂದು ಕೊಟ್ಟರೆ ಗುಮಾಸ್ತರು ಲಾಗಿನ್ ಆಗಿರದಿದ್ದರೂ ಕೆಲಸ ನಡೆಯುತ್ತದೆ.

ಉಳಿದವು ಇನ್ನೂ ಸುಲಭ. ಇವುಗಳಲ್ಲಿಯೂ /ಟಿಎನ್ ಎಂದು ಬರೆದು ಕೆಲಸದ ಹೆಸರು ಕೊಡಬೇಕು.

1. /ರನ್ ಎಂದರೆ ವೇಳೆಗೆ ಕಾಯದೆ ಈಗಲೇ ನಡೆಸು. ಹೊಸ ಕೆಲಸವನ್ನು ನೇಮಿಸಿದ ದಿನವೇ ಇದನ್ನು ಕೊಟ್ಟು ಪರೀಕ್ಷಿಸಬೇಕು.
2. /ಎಂಡ್ ಎಂದರೆ ನಡೆಯುತ್ತಿರುವುದನ್ನು ನಿಲ್ಲಿಸು.
3. /ಚೇಂಜ್ ಎಂದರೆ ಮಾರ್ಪಡಿಸು. ಇದರೊಂದಿಗೆ /ಎಸ್‌ಟಿ ಕೊಟ್ಟರೆ ವೇಳೆ ಬದಲಾಗುತ್ತದೆ. /ಡಿಸೇಬಲ್ ಕೊಟ್ಟರೆ ತಾತ್ಕಾಲಿಕವಾಗಿ ನಿಲ್ಲುತ್ತದೆ. /ಎನೇಬಲ್ ಕೊಟ್ಟರೆ ಮತ್ತೆ ಆರಂಭವಾಗುತ್ತದೆ.
4. /ಡಿಲೀಟ್ ಎಂದರೆ ಕೆಲಸವನ್ನು ಪಟ್ಟಿಯಿಂದಲೇ ತೆಗೆದುಹಾಕು. ತಾತ್ಕಾಲಿಕ ನಿಲುಗಡೆಗೆ ಇದನ್ನು ಬಳಸಬಾರದು.
5. /ಕ್ವೆರಿ ಎಂದರೆ ವರದಿ ಕೊಡು. ಇದರೊಂದಿಗೆ /ವಿ /ಎಫ್‌ಒ ಲಿಸ್ಟ್ ಎಂದು ಸೇರಿಸಿದರೆ ಕೊನೆಯ ಬಾರಿ ನಡೆದ ವೇಳೆ, ಅದರ ಫಲಿತಾಂಶ, ಮುಂದೆ ನಡೆಯುವ ವೇಳೆ ಎಲ್ಲವೂ ಕಾಣುತ್ತವೆ.

ಯಜಮಾನರು ಒಂದೇ ಒಂದು ಆದೇಶವನ್ನು ಕಲಿಯುವುದಾದರೆ ಈ ಐದನೆಯದನ್ನು ಕಲಿಯಬೇಕು.

ಫಲಿತಾಂಶದ ಸಂಖ್ಯೆಯನ್ನು ಓದುವ ಕ್ರಮ

ವರದಿಯಲ್ಲಿ 'ಲಾಸ್ಟ್ ರಿಸಲ್ಟ್' ಎಂಬ ಸಾಲಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ 0 ಎಂದರೆ ದೋಷವಿಲ್ಲದೆ ಮುಗಿದಿದೆ. 267009 ಎಂದರೆ ಇನ್ನೂ ನಡೆಯುತ್ತಿದೆ. 267011 ಎಂದರೆ ನೇಮಕವಾದ ಮೇಲೆ ಒಮ್ಮೆಯೂ ನಡೆದಿಲ್ಲ.

ಆದರೆ ಮೇಲೆ ಹೇಳಿದ ಘಟಕದಲ್ಲಿ ಆದಂತೆ 0 ಎಂಬುದು ಸುಳ್ಳು ಹೇಳಬಹುದು. ಬ್ಯಾಚ್ ಕಡತದಲ್ಲಿ ಹತ್ತು ಸಾಲುಗಳಿದ್ದರೆ ಸಾಮಾನ್ಯವಾಗಿ ಕಡೆಯ ಕೆಲಸದ ಫಲಿತಾಂಶವೇ ಎಲ್ಲದರ ಫಲಿತಾಂಶವಾಗಿ ದಾಖಲಾಗುತ್ತದೆ. ವಿಂಡೋಸಿನಲ್ಲೇ ಇರುವ ರೋಬೊಕಾಪಿ ಎಂಬ ನಕಲು ಆದೇಶವನ್ನು ಬಳಸುವವರಿಗೆ ಇದಕ್ಕೆ ವಿರುದ್ಧವಾದ ಗೊಂದಲವುಂಟಾಗುತ್ತದೆ. ಅದು ಕಡತಗಳನ್ನು ಸರಿಯಾಗಿ ನಕಲು ಮಾಡಿದಾಗ 1 ಎಂದೂ, ನಕಲು ಮಾಡಲು ಹೊಸದೇನೂ ಇಲ್ಲದಿದ್ದಾಗ 0 ಎಂದೂ ಹೇಳುತ್ತದೆ. 8 ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ವಿಫಲ.

ಆದ್ದರಿಂದ ರೋಬೊಕಾಪಿಯ ಸಾಲಿನ ಕೆಳಗೇ 'ಇಫ್ ಎರರ್‌ಲೆವೆಲ್ 8 ಎಕ್ಸಿಟ್ 1' ಎಂದೂ, ಅದರ ಮುಂದಿನ ಸಾಲಿನಲ್ಲಿ 'ಎಕ್ಸಿಟ್ 0' ಎಂದೂ ಬರೆಸಬೇಕು. ಆಗ 0 ಎಂದರೆ ನಕಲು ಸರಿಯಾಗಿದೆ, 1 ಎಂದರೆ ವಿಫಲವಾಗಿದೆ ಎಂಬ ನೇರ ಅರ್ಥ ಬರುತ್ತದೆ. ನಿಮ್ಮ ಬ್ಯಾಚ್ ಕಡತವನ್ನು ಬರೆದುಕೊಟ್ಟವರನ್ನು ಈ ಎರಡು ಸಾಲು ಇವೆಯೇ ಎಂದು ಕೇಳಿದರೆ ಸಾಕು.

ಸಾಮಾನ್ಯವಾಗಿ ತಪ್ಪುವ ಸ್ಥಳಗಳು

ಮೊದಲನೆಯದು ವಿದ್ಯುತ್. ಆ ಹೊತ್ತಿಗೆ ಕಂಪ್ಯೂಟರು ಆರಿದ್ದರೆ ಕೆಲಸ ನಡೆಯುವುದಿಲ್ಲ, ಮರುದಿನ ತಾನಾಗಿ ನಡೆಯುವುದೂ ಇಲ್ಲ. ತಪ್ಪಿದ ಕೆಲಸವನ್ನು ಆದಷ್ಟು ಬೇಗ ನಡೆಸು ಎಂಬ ಆಯ್ಕೆಯನ್ನು ಷೆಡ್ಯೂಲರಿನ ಪರದೆಯ ಸೆಟ್ಟಿಂಗ್ಸ್ ವಿಭಾಗದಲ್ಲಿ ಗುರುತು ಮಾಡಬೇಕು. ಹೀಗೆ ನೇಮಿಸಿದ ಕೆಲಸ ಲ್ಯಾಪ್‌ಟಾಪು ಬ್ಯಾಟರಿಯ ಮೇಲಿದ್ದಾಗಲೂ ಆರಂಭವಾಗುವುದಿಲ್ಲ. ಅದನ್ನು ಕಂಡಿಷನ್ಸ್ ವಿಭಾಗದಲ್ಲಿ ಬದಲಾಯಿಸಬಹುದು.

ಎರಡನೆಯದು ಪಾಸ್‌ವರ್ಡ್. ಸಿಬ್ಬಂದಿಯೊಬ್ಬರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಕೆಲಸ ನೇಮಿಸಿದ್ದರೆ, ಅವರು ಪಾಸ್‌ವರ್ಡ್ ಬದಲಿಸಿದ ರಾತ್ರಿಯಿಂದಲೇ ಅದು ನಿಲ್ಲುತ್ತದೆ. /ಚೇಂಜ್ ಜೊತೆಗೆ /ಆರ್‌ಪಿ ಕೊಟ್ಟು ಹೊಸ ಪಾಸ್‌ವರ್ಡನ್ನು ತಿಳಿಸಬೇಕು.

ಮೂರನೆಯದು ರೋಬೊಕಾಪಿಯ ತಾಳ್ಮೆ. ಯಾವುದಾದರೂ ಕಡತವನ್ನು ನಕಲು ಮಾಡಲಾಗದಿದ್ದರೆ ಅದು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಬಾರಿ ಯತ್ನಿಸುವಂತೆ ರಚಿತವಾಗಿದೆ. ಕೆಲಸ ಮುಗಿಯದೆ ಅಲ್ಲಿಯೇ ನಿಂತಿರುತ್ತದೆ. /ಆರ್:3 /ಡಬ್ಲ್ಯೂ:10 ಎಂದು ಸೇರಿಸಿದರೆ ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ಬಾರಿ ಯತ್ನಿಸಿ ಮುಂದುವರಿಯುತ್ತದೆ.

ನಾಲ್ಕನೆಯದು /ಎಂಐಆರ್ ಎಂಬ ಸೂಚನೆ. ಇದು ಮೂಲದಲ್ಲಿ ಅಳಿಸಿಹೋದ ಕಡತವನ್ನು ಪ್ರತಿಯಲ್ಲಿಯೂ ಅಳಿಸುತ್ತದೆ. ಹಗಲು ಆದ ಅಚಾತುರ್ಯ ರಾತ್ರಿ ಬ್ಯಾಕಪ್ಪಿಗೂ ತಗಲುತ್ತದೆ. ಅದರ ಬದಲು /ಇ ಬಳಸಿ, ವಾರದ ಏಳು ದಿನಗಳಿಗೆ ಏಳು ಫೋಲ್ಡರುಗಳನ್ನಿಟ್ಟರೆ ಕ್ಷೇಮ.

ಐದನೆಯದು ವೇಳೆಯ ಆಯ್ಕೆ. ಲೆಕ್ಕದ ತಂತ್ರಾಂಶವನ್ನು ಎಲ್ಲರೂ ಮುಚ್ಚಿರುವಾಗಲೇ ನಕಲು ನಡೆಯಬೇಕು. ತೆರೆದಿರುವ ಕಡತದ ಪ್ರತಿ ಅರ್ಧಂಬರ್ಧವಾಗಿರುವ ಸಂಭವವಿದೆ. ಎರಡನೆಯ ಪಾಳಿಯಲ್ಲಿ ಸರಕು ರವಾನೆ ಮಾಡಿ ಇನ್‌ವಾಯ್ಸ್ ಬರೆಯುವ ಕಾರ್ಖಾನೆಗೂ, ಮಧ್ಯಾಹ್ನಕ್ಕೇ ಲೆಕ್ಕ ಮುಗಿಸುವ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗೂ ಒಂದೇ ವೇಳೆ ಹೊಂದುವುದಿಲ್ಲ.

ಲಿನಕ್ಸ್ ಬಳಸುವವರಿಗೆ

ಸರ್ವರಿನಲ್ಲಿ ಲಿನಕ್ಸ್ ಇದ್ದರೆ ಷೆಡ್ಯೂಲರಿನ ಹೆಸರು ಕ್ರಾನ್. ಇದು 1970ರ ದಶಕದ ಯುನಿಕ್ಸ್ ಕಾಲದಿಂದ ಬಂದದ್ದು. ಪ್ರತಿ ಕೆಲಸಕ್ಕೂ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳಿರುತ್ತವೆ. ಕ್ರಾನ್‌ಟ್ಯಾಬ್ -ಎಲ್ ಎಂದರೆ ಪಟ್ಟಿ ತೋರಿಸು, -ಇ ಎಂದರೆ ತಿದ್ದು, -ಆರ್ ಎಂದರೆ ಇಡೀ ಪಟ್ಟಿಯನ್ನೇ ಅಳಿಸು. ಕೀಲಿಮಣೆಯಲ್ಲಿ 'ಇ' ಮತ್ತು 'ಆರ್' ಅಕ್ಕಪಕ್ಕದಲ್ಲಿವೆ. ಅಳಿಸುವ ಮುನ್ನ ಅದು ಸಾಮಾನ್ಯವಾಗಿ ನಮ್ಮನ್ನು ಕೇಳುವುದೂ ಇಲ್ಲ. ಆದಕಾರಣ -ಎಲ್ ಕೊಟ್ಟು ಪಟ್ಟಿಯ ಪ್ರತಿಯೊಂದನ್ನು ಮೊದಲೇ ಅಚ್ಚು ಹಾಕಿಟ್ಟುಕೊಳ್ಳುವುದು ಲೇಸು.

ಯಜಮಾನರ ಸಹಿ

ಇಷ್ಟೆಲ್ಲ ಮಾಡಿದರೂ ಷೆಡ್ಯೂಲರ್ ಹೇಳುವುದು ಕೆಲಸ ನಡೆಯಿತೆಂಬುದನ್ನು ಮಾತ್ರ. ಲೆಕ್ಕ ಉಳಿದಿದೆಯೆಂಬುದನ್ನು ನಾವೇ ತಾಳೆ ನೋಡಬೇಕು. ಇದಕ್ಕೆ ಮೂರು ಅಭ್ಯಾಸಗಳು ಸಾಕು.

ದಿನಕ್ಕೊಮ್ಮೆ, ಬೆಳಿಗ್ಗೆ, /ಕ್ವೆರಿ ಆದೇಶ ಕೊಟ್ಟು ಕೊನೆಯ ವೇಳೆ ಮತ್ತು ಫಲಿತಾಂಶವನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಗುಮಾಸ್ತರು ಸಹಿ ಹಾಕಬೇಕು. ಬ್ಯಾಕಪ್ ಫೋಲ್ಡರನ್ನು ತೆರೆದು ಕಡತಗಳ ದಿನಾಂಕ ನಿನ್ನೆಯದೇ ಎಂದೂ ನೋಡಬೇಕು. ಇದಕ್ಕೆ ಐದು ನಿಮಿಷ ಹಿಡಿಯುವುದಿಲ್ಲ.

ವಾರಕ್ಕೊಮ್ಮೆ, ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಕಂಪ್ಯೂಟರಿನಿಂದ ಬೇರ್ಪಡಿಸಿ, ಬೇರೆ ಕಟ್ಟಡದಲ್ಲಿಡಬೇಕು. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಎಂಬ ಪಿಡುಗು, ಸದಾ ಜೋಡಿಸಿರುವ ಡಿಸ್ಕನ್ನೂ ಬಿಡುವುದಿಲ್ಲ. ಕಂಪನಿಗಳು ಇದರ ಜೊತೆಗೆ ಭಾರತದೊಳಗಿನ ಸರ್ವರಿನ ದೈನಿಕ ಪ್ರತಿಯ ನಿಯಮವನ್ನೂ ಪಾಲಿಸಬೇಕು.

ತಿಂಗಳಿಗೊಮ್ಮೆ, ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಅದೇ ದಿನಾಂಕದ ಟ್ರಯಲ್ ಬ್ಯಾಲೆನ್ಸನ್ನು ಮೂಲ ಲೆಕ್ಕದೊಂದಿಗೆ ಹೋಲಿಸಬೇಕು. ಜಿಎಸ್‌ಟಿಆರ್-3ಬಿ ಸಲ್ಲಿಸುವ ಮುನ್ನ ಹೇಗಿದ್ದರೂ ಲೆಕ್ಕಗಳನ್ನು ತಾಳೆ ನೋಡುತ್ತೇವೆ. ಆಗಲೇ ಇದನ್ನೂ ಮುಗಿಸಬಹುದು. ರಿಜಿಸ್ಟರಿನ ಆ ಪುಟಕ್ಕೆ ಯಜಮಾನರೇ ಸಹಿ ಹಾಕಬೇಕು.

ಆ ಘಟಕದಲ್ಲಿ ಈಗ ಇಂತಹ ರಿಜಿಸ್ಟರು ಇದೆ. ಕಳೆದ ಬಾರಿ ಲೆಕ್ಕಪರಿಶೋಧನೆಗೆ ಹೋದಾಗ, ನಾನು ಕೇಳುವ ಮೊದಲೇ ಅದನ್ನು ಮೇಜಿನ ಮೇಲೆ ತಂದಿಟ್ಟರು. ಅದರಲ್ಲಿ ಎರಡು ಕಡೆ ಫಲಿತಾಂಶ 1 ಎಂದು ಬರೆದಿತ್ತು. ಎರಡರ ಪಕ್ಕದಲ್ಲಿಯೂ ಅದೇ ದಿನ /ರನ್ ಕೊಟ್ಟು ಸರಿಪಡಿಸಿದ ಷರಾ ಇತ್ತು.