ಫೋಟೊ ಸೈಜ್ ಜಾಸ್ತಿ ಅಂತ ಅರ್ಜಿ ನಿಂತಿದೆಯಾ? ಕ್ವಾಲಿಟಿ ಕೆಡದಂತೆ ಹೀಗೆ ಕಡಿಮೆ ಮಾಡಿ

ಆನ್‌ಲೈನ್ ಅರ್ಜಿ ಪೂರ್ತಿ ತುಂಬಿ, ಕೊನೆಗೆ ಫೋಟೊ ಹಾಕುವಾಗ ‘ಫೈಲ್ ಸೈಜ್ ಜಾಸ್ತಿ’ ಅಂತ ಬಂದರೆ ತಲೆಬಿಸಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಒಳಗಿರಬೇಕು. ಮೊಬೈಲ್ ಫೋಟೊ ನೋಡಿದರೆ 3–4 ಎಂಬಿ! ಕೊನೇ ದಿನ ಇಲ್ಲೇ ಸಿಕ್ಕಿಹಾಕಿಕೊಂಡರೆ ಆ ಸಲದ ಅವಕಾಶವೇ ಹೋಯಿತು.

ಸೈಜ್ ಯಾಕೆ ಇಷ್ಟು?
12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000 × 3000, ಒಟ್ಟು 1.2 ಕೋಟಿ ಚುಕ್ಕಿಗಳು. ಅರ್ಜಿಗೆ ಬೇಕಿರುವುದು 200 × 230, ಅಂದರೆ 46 ಸಾವಿರ ಚುಕ್ಕಿ. ಹಾಗಾಗಿ ಮೊದಲು ಅಳತೆ ಇಳಿಸಬೇಕು. ಅಳತೆ ಹಾಗೇ ಬಿಟ್ಟು ಕ್ವಾಲಿಟಿ ಮಾತ್ರ ಇಳಿಸಿದರೆ ಮುಖ ಮಸುಕಾಗುತ್ತದೆ.

ಮಾಡುವುದು ಹೇಗೆ?
1. ಮುಖ, ಭುಜ ಬರುವಷ್ಟು ಕ್ರಾಪ್ ಮಾಡಿ.
2. ಕಂಪ್ಯೂಟರ್‌ನ ಪೇಂಟ್‌ನಲ್ಲಿ ‘ರೀಸೈಜ್’ ಒತ್ತಿ, ‘ಪಿಕ್ಸೆಲ್ಸ್’ ಆರಿಸಿ ಅಳತೆ ಕೊಡಿ.
3. ‘ಸೇವ್ ಆಸ್’ನಲ್ಲಿ ಜೆಪೆಗ್ ಆರಿಸಿ, ಬೇರೆ ಹೆಸರಲ್ಲಿ ಉಳಿಸಿ.

ಮೊಬೈಲ್‌ನಲ್ಲಾದರೆ ‘ಸ್ಕ್ವೂಶ್’ ಎಂಬ ಉಚಿತ ವೆಬ್‌ಸೈಟ್ ಇದೆ. ಫೋಟೊ ನಿಮ್ಮ ಫೋನಿನಲ್ಲೇ ಚಿಕ್ಕದಾಗುತ್ತದೆ, ಅವರ ಸರ್ವರ್‌ಗೆ ಹೋಗುವುದಿಲ್ಲ. ಸೈಜ್ 20 ಕೆಬಿಗಿಂತ ಕೆಳಗಿಳಿದರೂ ಅರ್ಜಿ ತೆಗೆದುಕೊಳ್ಳಲ್ಲ. ಆಗ ಕ್ವಾಲಿಟಿ ಸ್ವಲ್ಪ ಏರಿಸಿ. ಆಧಾರ್, ಪಾಸ್‌ಬುಕ್ ಚಿತ್ರಗಳನ್ನು ಗುರುತಿಲ್ಲದ ವೆಬ್‌ಸೈಟ್‌ಗೆ ಹಾಕಬೇಡಿ.

ಯಾವುದಕ್ಕೆ ಯಾವ ಫಾರ್ಮ್ಯಾಟ್?
ಫೋಟೊಗೆ ಜೆಪೆಗ್. ಕಣ್ಣಿಗೆ ಅಷ್ಟಾಗಿ ಕಾಣದ ಬಣ್ಣದ ವಿವರ ಬಿಟ್ಟು ಇದು ಸೈಜ್ ಇಳಿಸುತ್ತದೆ. ಆದರೆ ಅದೇ ಫೈಲನ್ನು ಮತ್ತೆ ಮತ್ತೆ ತಿದ್ದಿ ಸೇವ್ ಮಾಡಿದರೆ ಪ್ರತಿ ಸಲ ಸ್ವಲ್ಪ ಕೆಡುತ್ತದೆ. ಅಂಗಡಿಯ ಲೋಗೊ, ಕ್ಯೂಆರ್ ಕೋಡ್, ದರಪಟ್ಟಿಗೆ ಪಿಎನ್‌ಜಿ. ಅಕ್ಷರದ ಅಂಚು ಕೆಡಲ್ಲ. ಅಂಗಡಿಗೆ ವೆಬ್‌ಸೈಟ್ ಇದ್ದರೆ ಗೂಗಲ್ 2010ರಲ್ಲಿ ತಂದ ವೆಬ್‌ಪಿ ಒಳ್ಳೆಯದು. ಸಾಮಾನ್ಯವಾಗಿ ಜೆಪೆಗ್‌ಗಿಂತ ಹಗುರ. ಐಫೋನ್‌ನವರು ಕ್ಯಾಮೆರಾ ಸೆಟ್ಟಿಂಗ್ಸ್‌ನ ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟರೆ ನೇರ ಜೆಪೆಗ್ ಬರುತ್ತದೆ. ಫೈಲ್ ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ಅಂತ ತಿದ್ದಿದ ಮಾತ್ರಕ್ಕೆ ಫಾರ್ಮ್ಯಾಟ್ ಬದಲಾಗಲ್ಲ.

ಫ್ಲೆಕ್ಸ್ ಹಾಕಿಸುವವರಿಗೆ
ಇಲ್ಲಿ ಲೆಕ್ಕ ಉಲ್ಟಾ. ಫೋಟೊ ಚಿಕ್ಕದು ಮಾಡಲೇಬೇಡಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದೇ ಸೈಜ್ ಇಳಿಸಿಬಿಡುತ್ತದೆ, ಬ್ಯಾನರ್‌ನಲ್ಲಿ ಮುಖ ಒಡೆದು ಕಾಣುತ್ತದೆ. ಪ್ರಿಂಟಿಂಗ್‌ನವರಿಗೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಏನೇ ಮಾಡಿದರೂ ಮೂಲ ಫೋಟೊ ಡಿಲೀಟ್ ಮಾಡಬೇಡಿ. ದೊಡ್ಡದನ್ನು ಚಿಕ್ಕದು ಮಾಡಬಹುದು, ಹೋದ ವಿವರ ವಾಪಸ್ ತರೋಕಾಗಲ್ಲ.