ರೋಗದ ಹೆಸರು ಆಮೇಲೆ, ಉಸಿರು ಮೊದಲು

ಅರವತ್ತರ ದಶಕದವರೆಗೂ ಅಮೆರಿಕದ ಆಸ್ಪತ್ರೆಗಳಲ್ಲಿ ಕ್ಯಾಶುವಾಲ್ಟಿ ಯಾರಿಗೂ ಬೇಡದ ಡ್ಯೂಟಿ. ಎದೆ ಹಿಡಿದುಕೊಂಡು ಬಂದವನನ್ನು ಸರದಿಯ ಮೇಲೆ ಕೂತ ಚರ್ಮರೋಗ ತಜ್ಞರೋ ಹೊಸದಾಗಿ ಪಾಸಾದ ಇಂಟರ್ನ್ ಹುಡುಗನೋ ನೋಡುತ್ತಿದ್ದರು. 1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಡಾ. ಜೇಮ್ಸ್ ಮಿಲ್ಸ್ ಮತ್ತು ಮೂವರು ಸಂಗಡಿಗರು ಸ್ವಂತ ಪ್ರಾಕ್ಟೀಸ್ ಬಿಟ್ಟು ಹಗಲೂ ರಾತ್ರಿ ಇದೊಂದೇ ಕೆಲಸಕ್ಕೆ ನಿಂತರು. ತುರ್ತು ಚಿಕಿತ್ಸೆ ಕಲಿಸುವ ರೆಸಿಡೆನ್ಸಿ (ಸ್ನಾತಕೋತ್ತರ ತರಬೇತಿ) ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು 1970ರಲ್ಲಿ. ಮೊದಲ ವಿದ್ಯಾರ್ಥಿ ಬ್ರೂಸ್ ಜನಿಯಾಕ್. ಆ ಶಾಖೆಯಲ್ಲೇ ತರಬೇತಾದ ಗುರುಗಳು ಆಗಿನ್ನೂ ಎಲ್ಲಿದ್ದರು? ಉಳಿದ ತಜ್ಞರಂತೂ ಇದನ್ನೊಂದು ಶಾಖೆಯೆಂದೇ ಒಪ್ಪಲಿಲ್ಲ. ಪ್ರತ್ಯೇಕ ಶಾಖೆಯಾಗಿಸುವ ಪ್ರಸ್ತಾಪ 1977ರ ಮತದಾನದಲ್ಲಿ ಸೋತಿತು, 1979ರಲ್ಲಿ ಮನ್ನಣೆ ಸಿಕ್ಕಿತು.

ವಾರ್ಡಿನಲ್ಲಿ ಮೊದಲು ರೋಗಿಯ ಕಥೆ ಕೇಳುತ್ತಾರೆ, ಪರೀಕ್ಷೆ ಮಾಡಿಸುತ್ತಾರೆ, ರೋಗ ಇಂಥದ್ದೆಂದು ಗೊತ್ತಾದ ಮೇಲೆ ಔಷಧಿ. ಕ್ಯಾಶುವಾಲ್ಟಿಯಲ್ಲಿ ಕ್ರಮ ತಿರುವುಮುರುವು. ಶ್ವಾಸದ ದಾರಿ ತೆರೆದಿದೆಯೇ, ಉಸಿರಾಟ ಹೇಗಿದೆ, ರಕ್ತ ಹರಿಯುತ್ತಿದೆಯೇ? ಇಷ್ಟನ್ನು ಸರಿಪಡಿಸುವವರೆಗೆ ರೋಗದ ಹೆಸರು ಕಾಯಬೇಕು. ಎದೆನೋವೆಂದರೆ ಹೃದಯಾಘಾತ, ಮಹಾಧಮನಿಯ ಸೀಳು, ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಂಡ ಹೆಪ್ಪು ಇವನ್ನೆಲ್ಲ ಅಲ್ಲಗಳೆದ ಮೇಲೆಯೇ ‘ಗ್ಯಾಸ್’ ಎನ್ನುವ ಹಕ್ಕು. ಇದನ್ನು ಕಲಿಯುವ ರೆಸಿಡೆಂಟರು ಐಸಿಯು, ಅರಿವಳಿಕೆ, ಮಕ್ಕಳ ವಿಭಾಗ, ಹೆರಿಗೆ ಕೋಣೆ ಎಲ್ಲ ಸುತ್ತಿಬರುತ್ತಾರೆ, ನಿಜ. ಆದರೆ ವಿದ್ಯೆ ಮೈಗೂಡುವುದು ಶಿಫ್ಟಿನಲ್ಲೇ. ಹೃದಯ ನಿಂತವನ ಎದೆಯನ್ನು ಇತರರು ಒತ್ತುತ್ತಿರುವಾಗ ಮುಂದಾಳಾದ ರೆಸಿಡೆಂಟ್ ಮಂಚದ ಕಾಲ್ದೆಸೆಯಲ್ಲಿ ಕೈಕಟ್ಟಿ ನಿಲ್ಲುವುದನ್ನು ಕಲಿಯಬೇಕು. ಕೈ ಹಾಕಿದರೆ ಇಡೀ ಚಿತ್ರ ಕಣ್ತಪ್ಪುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ: ಯಾರನ್ನು ಮನೆಗೆ ಕಳಿಸಬಹುದು ಎಂಬುದು. ಗಂಟಲಿಗೆ ನಳಿಕೆ ಇಳಿಸುವುದನ್ನು ಗೊಂಬೆಯ ಮೇಲೆ ಕಲಿಯಬಹುದು, ಇದನ್ನು ಕಲಿಯಲು ಗೊಂಬೆಯಿಲ್ಲ. ಹಿರಿಯರು ಬೆನ್ನ ಹಿಂದೆ ನಿಂತು ಕೇಳುವ ‘ಇವರು ರಾತ್ರಿ ವಾಪಸ್ ಬಂದರೆ ಯಾಕೆ ಬಂದಾರು?’ ಎಂಬಂಥ ಪ್ರಶ್ನೆಗಳೇ ಪಠ್ಯ.

ಭಾರತದಲ್ಲಿ ವೈದ್ಯಕೀಯ ಪರಿಷತ್ತು ಈ ಶಾಖೆಯನ್ನು ಒಪ್ಪಿದ್ದು 2009ರಲ್ಲಿ. ಎಂಡಿ ಮೂರು ವರ್ಷ. ಡಿಎನ್‌ಬಿ ದಾರಿಯೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರ್ಬಾ ಕಾಲೇಜುಗಳಲ್ಲಿ ಎಂಡಿ ಕಲಿಸುತ್ತಾರೆ. ಅಮೆರಿಕದಲ್ಲಿ ಅಷ್ಟಾಗಿ ಕಾಣದ ಹಾವಿನ ಕಡಿತ, ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದವರ ಚಿಕಿತ್ಸೆ ನಮ್ಮ ರೆಸಿಡೆಂಟರಿಗೆ ಮಾಮೂಲು.

2020ರಲ್ಲಿ ಹೊಸ ಮೆಡಿಕಲ್ ಕಾಲೇಜುಗಳಿಗೆ ತುರ್ತು ಚಿಕಿತ್ಸಾ ವಿಭಾಗ ಕಡ್ಡಾಯವಾಯಿತು. 2023ರ ನಿಯಮಗಳು ಅದನ್ನು ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಕೈಬಿಟ್ಟವು. ವಿಭಾಗವೇ ಇಲ್ಲದ ಕಾಲೇಜಿನಲ್ಲಿ ಓದಿದವರೂ ಒಂದಲ್ಲ ಒಂದು ರಾತ್ರಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಒಬ್ಬರೇ ಕೂರುತ್ತಾರೆ.