ಸೇನಾಧಿಕಾರಿಗಳ ಕೊರತೆ ಮತ್ತು ಅದರ ಪರಿಹಾರ

ಭಾರತೀಯ ಭೂಸೇನೆಗೆ ಜವಾನರಾಗಿ ಸೇರಬಯಸುವವರ ಅಭಾವ ಅಷ್ಟಾಗಿ ಇಲ್ಲ. ಭರ್ತಿಯ ಮೈದಾನಗಳಲ್ಲಿ ನೆರೆಯುವ ತರುಣರ ಸಾಲುಗಳೇ ಇದಕ್ಕೆ ಸಾಕ್ಷಿ. ಅಭಾವವಿರುವುದು ಅವರನ್ನು ಮುನ್ನಡೆಸುವ ಅಧಿಕಾರಿಗಳದು. 1962ರ ಚೀನಾ ಯುದ್ಧದ ತರುವಾಯ ಸೈನ್ಯವನ್ನು ತ್ವರಿತವಾಗಿ ವಿಸ್ತರಿಸಬೇಕಾಗಿ ಬಂದಾಗ ಈ ನ್ಯೂನತೆ ಸ್ಪಷ್ಟವಾಗಿ ಗೋಚರಿಸಿತು. ಸರಕಾರವು ತರಬೇತಿಯ ಅವಧಿಯನ್ನು ಮೊಟಕುಗೊಳಿಸಿ ‘ತುರ್ತು ಕಮಿಷನ್’ ನೀಡಿತು. 1963ರಲ್ಲಿ ಮದರಾಸಿನಲ್ಲಿ ಅಧಿಕಾರಿಗಳ ತರಬೇತಿ ಶಾಲೆಯನ್ನು ತೆರೆಯಿತು. ಹಾಗೆ ಬಂದ ತರುಣರು 1965ರ ಯುದ್ಧದಲ್ಲಿ ತುಕಡಿಗಳನ್ನು ಮುನ್ನಡೆಸಿದರಾದರೂ ಅವರಲ್ಲಿ ಅನೇಕರನ್ನು ಮುಂದೆ ಸೇವೆಯಿಂದ ಬಿಡುಗಡೆ ಮಾಡಲಾಯಿತು.

ಇದಕ್ಕಿಂತ ದೂರದೃಷ್ಟಿಯದು 1961ರಲ್ಲಿ ಆರಂಭವಾದ ಸೈನಿಕ ಶಾಲೆಗಳ ಯೋಜನೆ. ಅಧಿಕಾರಿವರ್ಗವು ಕೆಲವೇ ಪ್ರಾಂತಗಳ ಸ್ಥಿತಿವಂತ ಮನೆತನಗಳಿಗೆ ಮೀಸಲಾಗದೆ, ಸಾಮಾನ್ಯರ ಮಕ್ಕಳಿಗೂ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತೆರೆಯಬೇಕೆಂಬುದು ಅದರ ಉದ್ದೇಶ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಸ್ಥಾಪಿತವಾದುದು ಇದರನ್ವಯವೇ.

ಹುದ್ದೆಗಳು ತೆರವಾಗಿದ್ದರೂ ಆಯ್ಕೆ ಮಂಡಳಿಗಳು ಅರ್ಹತೆಯ ಮಟ್ಟವನ್ನು ಇಳಿಸಲೊಲ್ಲವು. ಅದು ಯುಕ್ತವೇ, ಅಧಿಕಾರಿಯ ಅವಿವೇಕಕ್ಕೆ ಜವಾನನು ಪ್ರಾಣವನ್ನೇ ತೆರಬೇಕಾದೀತು. ಮಟ್ಟವನ್ನು ಇಳಿಸದೆ ಸಂಖ್ಯೆ ಹೆಚ್ಚಬೇಕಾದರೆ ಆಯ್ಕೆಯ ಕ್ಷೇತ್ರವೇ ಹಿಗ್ಗಬೇಕು. ಹೆಣ್ಣುಮಕ್ಕಳನ್ನು ಬಹುಕಾಲ ಹೊರಗಿಟ್ಟು ಕೊರತೆಗಾಗಿ ಮರುಗಿದ್ದು ಸೋಜಿಗವೇ ಸರಿ. ವೈದ್ಯಕೀಯೇತರ ಶಾಖೆಗಳಿಗೆ ಅವರ ಪ್ರವೇಶ 1992ರಲ್ಲಿ, ಖಡಕವಾಸಲಾಕ್ಕೆ 2022ರಲ್ಲಿ. ಅಲ್ಲಿಂದ 2025ರ ಮೇ ತಿಂಗಳಲ್ಲಿ 17 ತರುಣಿಯರ ಪ್ರಥಮ ತಂಡ ಶಿಕ್ಷಣ ಪೂರೈಸಿ ಹೊರಬಂದಿತು.